ಮುಂದಿನ ಭಾಗ ಎಲ್ಲಿ?



ಓದುವ ಮಕ್ಕಳಿರುವ ಮನೆಯಲ್ಲಿ ಒಂದು ಪ್ರಶ್ನೆ ಆಗಾಗ ಕೇಳಿಬರುತ್ತದೆ: "ಇದರ ಮುಂದಿನ ಭಾಗ ಎಲ್ಲಿ?" ಊಟಕ್ಕೆ ಕರೆದರೆ ಓಗೊಡುವುದಿಲ್ಲ, ದೀಪ ಆರಿಸಿದ ಮೇಲೂ ಹೊದಿಕೆಯ ಒಳಗೊಂದು ಸಣ್ಣ ಬೆಳಕು. ಪರೀಕ್ಷೆಯ ಪುಸ್ತಕಕ್ಕೆ ಎಂದೂ ಸಲ್ಲದ ಏಕಾಗ್ರತೆ ಅಲ್ಲಿ ಸಲ್ಲುತ್ತಿರುತ್ತದೆ. ಇಣುಕಿ ನೋಡಿದರೆ ಕೈಯಲ್ಲಿರುವುದು ಒಂದು ಕಾದಂಬರಿ ಮಾಲೆಯ ಮೂರನೆಯದೋ ನಾಲ್ಕನೆಯದೋ ಭಾಗ. ಒಂದರಲ್ಲಿ ನಾಯಕನೇ ರಕ್ತ ಹೀರುವ ಪಿಶಾಚಿ, ನಾಯಕಿ ಅವನನ್ನು ಒಲಿದ ಶಾಲೆಯ ಹುಡುಗಿ. ಇನ್ನೊಂದರಲ್ಲಿ ಎಂಟು ನೂರು ವರ್ಷಗಳ ಹಿಂದಿನ ಮಠ, ಅಲ್ಲೊಂದು ಕೊಲೆ, ಅದನ್ನು ಬಿಡಿಸುವ ಒಬ್ಬ ಸನ್ಯಾಸಿ. ಹಿರಿಯರು ತಲೆಯಾಡಿಸುತ್ತಾರೆ. "ಇದೂ ಒಂದು ಓದೇ?" ಎನ್ನುತ್ತಾರೆ.

ಓದೇ ಎಂದು ಹೇಳುವುದಕ್ಕೇ ಈ ಸಲದ ಲೇಖನ. ಅಷ್ಟು ಹೇಳಿದ ಮೇಲೆ, ಊರು ಬಿಟ್ಟು ಬಂದ ನಮ್ಮಂಥವರು ಕೇಳಿಕೊಳ್ಳಬೇಕಾದ ಇನ್ನೊಂದು ಮಾತೂ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಕಾಶಿಯ ಕಡೆ ಹೋಗಿ ಬರೋಣ. ೧೮೮೮ರಲ್ಲಿ ದೇವಕೀನಂದನ ಖತ್ರಿ ಎಂಬವರು ಹಿಂದಿಯಲ್ಲಿ 'ಚಂದ್ರಕಾಂತಾ' ಎಂಬ ಕಾದಂಬರಿ ಪ್ರಕಟಿಸಿದರು. ನೌಗಢದ ರಾಜಕುಮಾರ ವೀರೇಂದ್ರಸಿಂಹ, ವಿಜಯಗಢದ ರಾಜಕುಮಾರಿ ಚಂದ್ರಕಾಂತಾ, ಇವರಿಬ್ಬರ ಪ್ರೇಮವೇ ಕಥೆಯ ಎಳೆ. ಆದರೆ ಓದುಗರನ್ನು ಹಿಡಿದು ಕೂರಿಸಿದ್ದು ಆ ಎಳೆಯಲ್ಲ, ಅದರ ಸುತ್ತಲಿನ ಮಾಯೆ. ಕ್ಷಣಕ್ಕೊಂದು ವೇಷ ತೊಡುವ ಐಯಾರರು, ಮೂಸಿದೊಡನೆ ಮೈಮರೆಸುವ ಪುಡಿ, ಒಳಹೊಕ್ಕವರು ಹೊರಬರಲಾಗದ 'ತಿಲಿಸ್ಮ್' ಎಂಬ ಮಾಯಾಕಟ್ಟಡಗಳು! ಖತ್ರಿಯವರು ಚಕಿಯಾ ಮತ್ತು ನೌಗಢದ ಕಾಡುಗಳಲ್ಲಿ ಗುತ್ತಿಗೆ ಹಿಡಿದಿದ್ದವರು. ಅಲ್ಲಿನ ಹಾಳುಕೋಟೆಗಳನ್ನು ಕಣ್ಣಾರೆ ಕಂಡವರು. ಆ ಕೋಟೆಗಳೇ ಕಥೆಗೆ ಬಂದು ನಿಂತವು. ಒಂದು ಪುಸ್ತಕಕ್ಕೆ ಜನರ ಹಸಿವು ತೀರಲಿಲ್ಲ. 'ಚಂದ್ರಕಾಂತಾ ಸಂತತಿ' ಎಂಬ ಮುಂದುವರಿಕೆ ೨೪ ಭಾಗಗಳವರೆಗೆ ಬೆಳೆಯಿತು. ಆಮೇಲೆ 'ಭೂತನಾಥ' ಶುರುವಾಯಿತು. ಅದು ಮುಗಿಯುವ ಮೊದಲೇ ೧೯೧೩ರಲ್ಲಿ ಖತ್ರಿಯವರು ತೀರಿಕೊಂಡರು; ಅವರ ಮಗ ಅದನ್ನು ಮುಗಿಸಬೇಕಾಯಿತು. ಮಾಲೆಯ ಓದುಗರು ಲೇಖಕ ಸತ್ತರೂ ಬಿಡುವವರಲ್ಲ, ನೋಡಿ.

ಹಿಂದಿ ಸಾಹಿತ್ಯದ ಚರಿತ್ರೆ ಬರೆದ ಆಚಾರ್ಯ ರಾಮಚಂದ್ರ ಶುಕ್ಲರು ದೊಡ್ಡ ಪಂಡಿತರು. ಖತ್ರಿಯವರ ಕಾದಂಬರಿಗಳಲ್ಲಿ ಬರಿಯ ಘಟನೆಗಳ ವೈಚಿತ್ರ್ಯವೇ ಇದೆಯೆಂದು ಅವರು ಅವುಗಳನ್ನು ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸಲಿಲ್ಲ. ಆದರೆ ಅದೇ ಲೇಖನಿಯಿಂದ ಇನ್ನೊಂದು ಮಾತನ್ನೂ ಬರೆದರು. ಹಿಂದಿಗೆ ಖತ್ರಿಯವರಷ್ಟು ಓದುಗರನ್ನು ಬೇರಾವ ಗ್ರಂಥಕರ್ತನೂ ಗಳಿಸಿಕೊಡಲಿಲ್ಲ. ಉರ್ದು ಮಾತ್ರ ಬಲ್ಲ ಎಷ್ಟೋ ಜನ 'ಚಂದ್ರಕಾಂತಾ' ಓದುವುದಕ್ಕೆಂದೇ ಹಿಂದಿ ಕಲಿತರು ಎಂದು. ಕಥೆಯ ಚಪಲಕ್ಕಾಗಿ ಒಂದು ಭಾಷೆಯನ್ನೇ ಕಲಿತರಂತೆ! ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡಿರಿ. ಮುಂದೆ ಬೇಕಾಗುತ್ತದೆ.

ಈಗ ನಮ್ಮ ಹೆಣ್ಣುಮಕ್ಕಳು ಓದುವ ಪಿಶಾಚಿಯ ಪ್ರೇಮಕಥೆಗೆ ಬರೋಣ. ಇವುಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಸ್ಟೆಫನಿ ಮೇಯರ್ ಬರೆದ 'ಟ್ವೈಲೈಟ್'. ಮೊದಲ ಭಾಗ ೨೦೦೫ರಲ್ಲಿ ಬಂತು, ನಾಲ್ಕನೆಯದು ೨೦೦೮ರಲ್ಲಿ. ಬೆಲ್ಲಾ ಎಂಬ ಹುಡುಗಿ ಬಿಸಿಲೂರಾದ ಫೀನಿಕ್ಸ್ ಬಿಟ್ಟು, ಸದಾ ಮಳೆ ಸುರಿಯುವ ಫೋರ್ಕ್ಸ್ ಎಂಬ ಸಣ್ಣ ಊರಿಗೆ ತಂದೆಯ ಬಳಿಗೆ ಬರುತ್ತಾಳೆ. ಹೊಸ ಶಾಲೆ, ಯಾರ ಪರಿಚಯವೂ ಇಲ್ಲ. ಅಲ್ಲಿ ಅವಳ ಕಣ್ಣಿಗೆ ಬಿದ್ದವನು ಎಡ್ವರ್ಡ್. ಅವನೂ, ಅವನ ಮನೆಯವರೂ ಯಾರೊಂದಿಗೂ ಬೆರೆಯದವರು. ಅವರು ಮನುಷ್ಯರಲ್ಲ ಎಂಬುದು ಆಮೇಲೆ ತಿಳಿಯುತ್ತದೆ. ನಮ್ಮ ಮಕ್ಕಳಿಗೆ ಈ ಕಥೆ ಯಾಕೆ ಹಿಡಿಸಿತು ಎಂದು ಕೇಳುವವರು ಪಿಶಾಚಿಯನ್ನು ಒಂದು ಗಳಿಗೆ ಬದಿಗಿಟ್ಟು ನೋಡಬೇಕು. ತಂದೆಗೆ ವರ್ಗವಾಯಿತೆಂದು ನಡುವರ್ಷದಲ್ಲಿ ಹೊಸ ಶಾಲೆಗೆ ಸೇರಿ, ಭಾಷೆ ಬಾರದ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತ ಹುಡುಗಿಯರು ನಮ್ಮಲ್ಲಿ ಎಷ್ಟು ಮನೆಗಳಲ್ಲಿಲ್ಲ? ಅಂಥವಳಿಗೆ ಬೆಲ್ಲಾ ಪರಕೀಯಳಲ್ಲ.

ಆದರೆ ಮನೆಯಲ್ಲಿ ಅಜ್ಜಿ ಇದ್ದರೆ ಮಾತು ಹೀಗೆ ನಡೆಯುತ್ತದೆ:

"ಏನೇ ಅದು, ಮೂರು ಹೊತ್ತೂ ಹಿಡ್ಕೊಂಡು ಕೂತಿರ್ತೀಯಲ್ಲ?"

"ಕಥೆ ಅಜ್ಜಿ. ಪಿಶಾಚಿ ಹುಡುಗನ್ನ ಒಬ್ಬಳು ಪ್ರೀತಿಸ್ತಾಳೆ."

"ಶಿವ ಶಿವಾ! ಓದೋಕೆ ಬೇರೇನೂ ಸಿಗಲಿಲ್ವೇನೇ ನಿಂಗೆ?"

ಅಜ್ಜಿಯ ಮೇಲೆ ಗೌರವವಿಟ್ಟುಕೊಂಡೇ ಒಂದು ಮಾತು ಹೇಳಬೇಕು. ಇಂಥ ಕಥೆ ಹೊರದೇಶದಿಂದ ಬಂದ ಸರಕೇನಲ್ಲ. ಗಿರೀಶ ಕಾರ್ನಾಡರ 'ನಾಗಮಂಡಲ' ೧೯೮೮ರ ನಾಟಕ. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ನಮ್ಮ ಕಡೆಯ ಜನಪದ ಕಥೆಗಳೇ ಅದಕ್ಕೆ ಆಧಾರ. ರಾಣಿ ಎಂಬ ಹೊಸ ಮದುವಣಗಿತ್ತಿಯನ್ನು ಗಂಡ ಅಪ್ಪಣ್ಣ ಮನೆಯೊಳಗೆ ಕೂಡಿ ಬೀಗ ಹಾಕಿ ಹೋಗುತ್ತಾನೆ. ಮಧ್ಯಾಹ್ನದ ಊಟಕ್ಕೆ ಮಾತ್ರ ಬರುತ್ತಾನೆ. ಗಂಡನ ಒಲವಿಗಾಗಿ ಬೇರು ಅರೆದು ಬೆರೆಸಿದ ಸಾರನ್ನು ಅವಳು ಹೆದರಿ ಹುತ್ತಕ್ಕೆ ಸುರಿದುಬಿಡುತ್ತಾಳೆ. ಹುತ್ತದ ನಾಗ ಅವಳಿಗೆ ಮರುಳಾಗಿ, ರಾತ್ರಿ ಗಂಡನ ರೂಪ ತಾಳಿ ಬರುತ್ತಾನೆ. ಹಗಲಿನ ಗಂಡ ಬೈಯುತ್ತಾನೆ, ಇರುಳಿನ ಗಂಡ ಪ್ರೀತಿಸುತ್ತಾನೆ. ಮೊಮ್ಮಗಳ ಪುಸ್ತಕಕ್ಕೂ ಇದಕ್ಕೂ ಎಷ್ಟು ದೂರ? ಮಾತಾಡಲು ಯಾರೂ ಇಲ್ಲದ ಹೆಣ್ಣಿನ ಬಳಿಗೆ ಮನುಷ್ಯನಲ್ಲದ ಒಬ್ಬ ಬರುತ್ತಾನೆ. ಅವನನ್ನು ನಂಬಬೇಕೋ ಹೆದರಬೇಕೋ ತಿಳಿಯದು. ಅಮೆರಿಕದ ಮಳೆಯೂರಿನಲ್ಲೂ ಅದೇ, ನಮ್ಮ ಹುತ್ತದ ಬಳಿಯಲ್ಲೂ ಅದೇ. ಅಜ್ಜಿಗೆ ಇಂಥ ಕಥೆ ನಾಲ್ಕಾದರೂ ಗೊತ್ತಿರುತ್ತವೆ. "ಶಿವ ಶಿವಾ" ಎಂದ ಮೇಲೆ ಅದರಲ್ಲೊಂದನ್ನು ಹೇಳಿದರೆ ಹುಡುಗಿ ಪುಸ್ತಕ ಕೆಳಗಿಟ್ಟು ಕೇಳುತ್ತಾಳೆ.

ಅದೇ ನಾಟಕದ ಆರಂಭದಲ್ಲಿ ಇನ್ನೊಂದು ಚಂದದ ಸಂಗತಿಯಿದೆ. ಊರ ಮನೆಗಳಲ್ಲಿ ಆರಿಸಿದ ದೀಪಗಳ ಕುಡಿಗಳೆಲ್ಲ ರಾತ್ರಿ ಪಾಳುಗುಡಿಯೊಂದರಲ್ಲಿ ಸೇರಿ ಹರಟುತ್ತವೆ. ಆ ಮನೆಗಳಲ್ಲೊಂದರಲ್ಲಿ ಒಬ್ಬ ಮುದುಕಿ. ಅವಳಿಗೆ ಒಂದು ಕಥೆ ಗೊತ್ತು, ಒಂದು ಹಾಡು ಗೊತ್ತು; ಯಾರಿಗೂ ಹೇಳಲಿಲ್ಲ. ಬೇಸತ್ತ ಆ ಕಥೆ ಮತ್ತು ಹಾಡು ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದು, ಒಂದು ಹೆಣ್ಣಾಗಿ ಇನ್ನೊಂದು ಅವಳುಟ್ಟ ಸೀರೆಯಾಗಿ ಹೊರಟುಬಿಡುತ್ತವೆ. ಹೇಳದೆ ಇಟ್ಟುಕೊಂಡ ಕಥೆ ಮನೆಯಲ್ಲಿ ನಿಲ್ಲುವುದಿಲ್ಲ. ಪರಊರಿನಲ್ಲಿರುವ ನಮಗೆ ಈ ಮಾತು ಸ್ವಲ್ಪ ಚುಚ್ಚಿದರೆ ಆಶ್ಚರ್ಯವಿಲ್ಲ.

ಇನ್ನು ಚಾರಿತ್ರಿಕ ಪತ್ತೇದಾರಿ. ಈ ಬಗೆಯಲ್ಲಿ ನೂರಾರು ಮಾಲೆಗಳಿವೆ. ಒಂದನ್ನು ಹೇಳುವುದಾದರೆ ಎಲಿಸ್ ಪೀಟರ್ಸ್ ಎಂಬ ಹೆಸರಿನಲ್ಲಿ ಈಡಿತ್ ಪಾರ್ಜಿಟರ್ ಬರೆದ ಕ್ಯಾಡ್‌ಫೆಲ್ ಮಾಲೆ. ೧೯೭೭ರಿಂದ ೧೯೯೪ರವರೆಗೆ ೨೦ ಕಾದಂಬರಿಗಳು. ಕಾಲ ಹನ್ನೆರಡನೆಯ ಶತಮಾನ. ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಸ್ಟೀಫನ್ ದೊರೆಗೂ ಮಾಡ್ ರಾಣಿಗೂ ಕಾದಾಟ ನಡೆದಿದೆ. ಶ್ರೂಸ್‌ಬರಿ ಎಂಬ ಊರಿನ ಮಠದಲ್ಲಿ ಕ್ಯಾಡ್‌ಫೆಲ್ ಎಂಬ ಸನ್ಯಾಸಿ ಗಿಡಮೂಲಿಕೆಯ ತೋಟ ನೋಡಿಕೊಂಡಿದ್ದಾನೆ. ಹಿಂದೆ ಧರ್ಮಯುದ್ಧಕ್ಕೆ ಹೋಗಿ ಲೋಕ ಸುತ್ತಿ ಬಂದವನು. ಯಾವ ಬೇರು ಔಷಧ, ಯಾವುದು ವಿಷ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಊರಲ್ಲಿ ಹೆಣ ಬಿದ್ದರೆ ಆ ತಿಳಿವಳಿಕೆ ಕೆಲಸಕ್ಕೆ ಬರುತ್ತದೆ. ಹೆಚ್ಚಿನ ಕಾದಂಬರಿಗಳಲ್ಲಿ ಒಂದು ಎಳೆಯ ಜೋಡಿಯ ಪ್ರೇಮವಿರುತ್ತದೆ. ಸನ್ಯಾಸಿಯೇ ಅವರ ದಾರಿ ಸುಗಮ ಮಾಡುವವನು.

ಕ್ಯಾಡ್‌ಫೆಲ್ ಇಂಗ್ಲಿಷರವನಲ್ಲ. ಗಡಿಯಾಚೆಯ ವೇಲ್ಸ್ ಅವನ ನಾಡು, ವೆಲ್ಷ್ ಅವನ ತಾಯ್ನುಡಿ. ಮೊದಲ ಕಾದಂಬರಿಯಲ್ಲೇ ಮಠದವರು ವೇಲ್ಸಿನ ಗ್ವಿಥೆರಿನ್ ಎಂಬ ಹಳ್ಳಿಯಿಂದ ಸಂತ ವಿನಿಫ್ರೆಡಳ ಅಸ್ಥಿಗಳನ್ನು ತರಲು ಹೊರಡುತ್ತಾರೆ. ಇದು ಚರಿತ್ರೆಯಲ್ಲಿ ನಿಜವಾಗಿ ನಡೆದ ಸಂಗತಿ. ಹಳ್ಳಿಯವರ ಮಾತು ಮಠದವರಿಗೆ ತಿಳಿಯದು, ಮಠದವರ ಮಾತು ಹಳ್ಳಿಯವರಿಗೆ ತಿಳಿಯದು. ದುಭಾಷಿಯಾಗಿ ಹೋಗುವವನು ಕ್ಯಾಡ್‌ಫೆಲ್. ಮಾತು ಎರಡೂ ಬಲ್ಲವನಾದ್ದರಿಂದ ಇಬ್ಬರ ಮನಸ್ಸೂ ಅವನಿಗೆ ಕಾಣುತ್ತದೆ. ಗುಟ್ಟು ಬಿಡಿಸುವವನೂ ಅವನೇ ಆಗುತ್ತಾನೆ. ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು, ಕಚೇರಿಯಲ್ಲಿ ಒಂದು ಭಾಷೆ ಆಡುವ ನಮಗೆ ಈ ಸನ್ಯಾಸಿಯ ಪಾಡು ಬಿಡಿಸಿ ಹೇಳಬೇಕಾಗಿಲ್ಲ.

ದೆವ್ವ, ಪತ್ತೇದಾರಿ, ಚರಿತ್ರೆ ಮೂರನ್ನೂ ಒಬ್ಬರೇ ಬರೆದ ಉದಾಹರಣೆ ಬೇಕಾದರೆ ನಮ್ಮ ನೆರೆಯಲ್ಲೇ ಇದೆ. ಮುಂಬಯಿ, ಪುಣೆಯ ಬಂಧುಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಶರದಿಂದು ಬಂದ್ಯೋಪಾಧ್ಯಾಯರು ಬಂಗಾಳಿ ಲೇಖಕರು. ೧೮೯೯ರಲ್ಲಿ ಹುಟ್ಟಿದ್ದು ಉತ್ತರದ ಜೌನ್‌ಪುರದಲ್ಲಿ, ಬೆಳೆದದ್ದು ಬಿಹಾರದ ಮುಂಗೇರಿನಲ್ಲಿ. ೧೯೩೮ರಲ್ಲಿ ಚಿತ್ರಕಥೆ ಬರೆಯಲು ಮುಂಬಯಿಗೆ ಬಂದರು. ೧೯೫೨ರಲ್ಲಿ ಆ ಕೆಲಸ ಬಿಟ್ಟು ಪುಣೆಯಲ್ಲಿ ನೆಲೆಸಿದರು. ೧೯೭೦ರಲ್ಲಿ ತೀರಿಕೊಳ್ಳುವವರೆಗೂ ಬಂಗಾಳದ ಹೊರಗೇ ಇದ್ದು ಬಂಗಾಳಿಯಲ್ಲೇ ಬರೆದರು.

ಅವರ ವ್ಯೋಮಕೇಶ ಬಕ್ಷಿಯನ್ನು ೧೯೯೩ರಲ್ಲಿ ದೂರದರ್ಶನದಲ್ಲಿ ಕಂಡವರು ನಿಮ್ಮಲ್ಲಿ ಅನೇಕರಿರಬೇಕು. ಈತನಿಗೆ ಪತ್ತೇದಾರ ಎನ್ನಿಸಿಕೊಳ್ಳುವುದು ಇಷ್ಟವಿಲ್ಲ; ತನ್ನನ್ನು 'ಸತ್ಯಾನ್ವೇಷಿ' ಎಂದು ಕರೆದುಕೊಳ್ಳುತ್ತಾನೆ. ೧೯೩೨ರಲ್ಲಿ ಶುರುವಾದ ಮಾಲೆ. ಒಂದು ಕೊಲೆಯ ವಿಚಾರಣೆಯಲ್ಲಿ ಸತ್ಯವತಿಯನ್ನು ಕಾಣುತ್ತಾನೆ, ಮದುವೆಯಾಗುತ್ತಾನೆ, ಮಗುವಾಗುತ್ತದೆ. ವರ್ಷಗಳು ಕಳೆದಂತೆ ಓದುಗನೊಡನೆ ಅವನಿಗೂ ವಯಸ್ಸಾಗುತ್ತದೆ. ಇದೇ ಶರದಿಂದು ಅವರಿಗೆ ಇನ್ನೊಬ್ಬ ಕಥಾನಾಯಕ, ವರದಾ. ಮುಂಗೇರಿನ ಈ ಮನುಷ್ಯ ದೆವ್ವಗಳಲ್ಲಿ ಅಖಂಡ ನಂಬಿಕೆಯುಳ್ಳವನು. ಕ್ಲಬ್ಬಿನಲ್ಲಿ ಕುಳಿತು ಮಿತ್ರರಿಗೆ ಭೂತದ ಕಥೆ ಹೇಳುವವನು. ೧೯೩೬ರಲ್ಲಿ ಶರದಿಂದು ಇಬ್ಬರನ್ನೂ ಒಂದೇ ಕಥೆಯಲ್ಲಿ ಎದುರುಬದುರು ನಿಲ್ಲಿಸಿದರು. ಮುಂಗೇರಿನ ಒಂದು ಮನೆಯ ಕಿಟಕಿಯಲ್ಲಿ ರಾತ್ರಿ ಏನೋ ಕಾಣಿಸುತ್ತದೆ. ವರದಾ ಪ್ರೇತ ಎನ್ನುತ್ತಾನೆ, ವ್ಯೋಮಕೇಶ ಒಪ್ಪುವುದಿಲ್ಲ. ಗೆದ್ದವರು ಯಾರೆಂಬುದನ್ನು ನಾನು ಹೇಳಿದರೆ ಓದುವ ಸುಖ ಹೋಗುತ್ತದೆ, ಹೇಳುವುದಿಲ್ಲ.

ಆ ಕಥೆಯಾದ ಮೇಲೆ ಹದಿನೈದು ವರ್ಷ ವ್ಯೋಮಕೇಶನ ಸುದ್ದಿಯೇ ಇಲ್ಲ. ಲೇಖಕರು ಮುಂಬಯಿಯ ಚಿತ್ರಲೋಕದಲ್ಲಿ ಮುಳುಗಿದ್ದರು. ಮತ್ತೆ ೧೯೫೧ರಲ್ಲಿ ಬರೆಯತೊಡಗಿದರು. ಕಲ್ಕತ್ತೆಗೆ ಹೋಗಿದ್ದಾಗ ಮಿತ್ರರ ಮನೆಯ ಮಕ್ಕಳು "ಈಗೇಕೆ ವ್ಯೋಮಕೇಶನನ್ನು ಬರೆಯುತ್ತಿಲ್ಲ?" ಎಂದು ಕೇಳಿದ್ದೇ ಅದಕ್ಕೆ ಕಾರಣವೆಂದು ಹೇಳಿಕೊಂಡಿದ್ದಾರೆ. ಮಕ್ಕಳ ಒಂದು ಪ್ರಶ್ನೆಯಿಂದ ನಿಂತ ಮಾಲೆ ಮತ್ತೆ ನಡೆಯಿತು.

ಇನ್ನೂ ಒಂದು ವಿಷಯ. ಪುಣೆಯಲ್ಲಿ ಕುಳಿತ ಇದೇ ಬಂಗಾಳಿ ಲೇಖಕರು ೧೯೬೫ರಲ್ಲಿ ಪ್ರಕಟಿಸಿದ ಚಾರಿತ್ರಿಕ ಕಾದಂಬರಿಯ ಹೆಸರೇನು ಬಲ್ಲಿರಾ? 'ತುಂಗಭದ್ರಾರ್ ತೀರೇ', ಎಂದರೆ ತುಂಗಭದ್ರೆಯ ತೀರದಲ್ಲಿ. ನಮ್ಮ ವಿಜಯನಗರವೇ ಅದರ ರಂಗಸ್ಥಳ, ಎರಡನೆಯ ದೇವರಾಯನೇ ಅರಸು. ಕಳಿಂಗದ ರಾಜಕುಮಾರಿ ವಿದ್ಯುನ್ಮಾಲೆ ಅರಸನನ್ನು ವರಿಸಲು ನದಿಯ ಮೇಲೆ ನಾವೆಗಳಲ್ಲಿ ಬರುತ್ತಾಳೆ. ದಾರಿಯಲ್ಲಿ ನೀರಿನಿಂದ ಎತ್ತಿ ಉಳಿಸಿದ ಅರ್ಜುನವರ್ಮನಲ್ಲಿ ಅವಳ ಮನಸ್ಸು ನಿಲ್ಲುತ್ತದೆ. ಅವನು ಬಹಮನಿ ರಾಜ್ಯದ ಗುಲಬರ್ಗೆಯಿಂದ ತಪ್ಪಿಸಿಕೊಂಡು ಬಂದವನು. ಇತ್ತ ಅರಮನೆಯಲ್ಲಿ ಅರಸನ ತಮ್ಮನ ಒಳಸಂಚು. ದೇವರಾಯನ ಮೇಲೆ ಹೀಗೊಂದು ಕೊಲೆಯ ಯತ್ನ ನಡೆದದ್ದನ್ನು ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕ್ ಬರೆದಿಟ್ಟಿದ್ದಾನೆ. ಈ ಕಾದಂಬರಿಗೆ ೧೯೬೭ರಲ್ಲಿ ಬಂಗಾಳದ ರವೀಂದ್ರ ಪುರಸ್ಕಾರ ಬಂತು. ನಮ್ಮ ಹಂಪಿಯನ್ನು ಬಂಗಾಳದ ಮನೆಮನೆಗೆ ಕೊಂಡೊಯ್ದವರು, ತಮ್ಮ ನಾಡಿನಿಂದ ದೂರವಿದ್ದ ಒಬ್ಬರು.

ಇವುಗಳಲ್ಲಿ ಜನ ಕಾಣುವುದೇನು? ಬಿಡಿ ಕಾದಂಬರಿ ಒಂದು ಪ್ರವಾಸದಂತೆ. ಹೋದೆವು, ನೋಡಿದೆವು, ಬಂದೆವು. ಮಾಲೆ ಹಾಗಲ್ಲ, ಅದು ಪರಿಚಯದ ಮನೆ. ಬಾಗಿಲು ತೆರೆದರೆ ಜಗಲಿಯ ಮೇಲೆ ಅದೇ ಜನ. ಕ್ಯಾಡ್‌ಫೆಲ್‌ನ ಔಷಧದ ಗುಡಿಸಲು ಎಲ್ಲಿದೆ, ವ್ಯೋಮಕೇಶನ ಮನೆಯಲ್ಲಿ ಚಹ ತರುವ ಆಳು ಯಾರು ಎಂಬುದೆಲ್ಲ ಓದುಗನಿಗೆ ಗೊತ್ತು. ಊರಿಂದೂರಿಗೆ ಹೋಗುವವರಿಗೆ, ಬಾಡಿಗೆ ಮನೆ ಬದಲಿಸುವವರಿಗೆ, ಬದಲಾಗದ ಒಂದು ಮನೆ ಬೇಕೆನ್ನಿಸುವುದು ಸಹಜ. ಮಕ್ಕಳಿಗಂತೂ ಇನ್ನೂ ಹೆಚ್ಚು.

ಈಗ ಕೊನೆಗೆ ಹೇಳುತ್ತೇನೆಂದ ಮಾತು. ಆ ಬದಲಾಗದ ಮನೆ ನಮ್ಮ ಮಕ್ಕಳಿಗೆ ಯಾವ ಭಾಷೆಯಲ್ಲಿದೆ?

ನಮ್ಮಲ್ಲಿ ಮಾಲೆಗಳಿರಲಿಲ್ಲವೆಂದಲ್ಲ. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಬಂಗಾಳಿಯಿಂದ ಕನ್ನಡಕ್ಕೆ ತಂದು ಓದಿಸಿದರು. ಗಳಗನಾಥರು ಚಾರಿತ್ರಿಕ ಕಾದಂಬರಿಗಳನ್ನು ಬರೆದು, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಒಂದು ಕಾಲಕ್ಕೆ ಓದದ ಹುಡುಗರೇ ಇರಲಿಲ್ಲ. ಪಠ್ಯಪುಸ್ತಕದ ನಡುವೆ ಅಡಗಿಸಿಟ್ಟು ಓದಿದವರು ಈಗ ಅಜ್ಜಂದಿರಾಗಿದ್ದಾರೆ. ತ. ರಾ. ಸುಬ್ಬರಾಯರು ಚಿತ್ರದುರ್ಗದ ನಾಯಕರ ಚರಿತ್ರೆಯನ್ನು 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಎಂದು ಒಂದಕ್ಕೊಂದು ಕೊಂಡಿ ಹಾಕಿ ಬರೆದರು. ಅರಮನೆಯ ಒಳಸಂಚಿಗೆ, ದಳವಾಯಿ ಮುದ್ದಣ್ಣನ ಕುಟಿಲಕ್ಕೆ ಅಲ್ಲಿ ಯಾವ ಕೊರತೆಯೂ ಇಲ್ಲ. ಅದೇ ದುರ್ಗವನ್ನು ಕುರಿತ ಅವರ 'ದುರ್ಗಾಸ್ತಮಾನ'ಕ್ಕೆ ೧೯೮೫ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರು ನಮ್ಮೊಂದಿಗಿರಲಿಲ್ಲ.

ಇವೆಲ್ಲ ಇವೆ. ಆದರೆ ಮುಂದಿನ ಭಾಗಕ್ಕಾಗಿ ಕಾಯುವ ಹಸಿವು ನಮ್ಮ ಮಕ್ಕಳಿಗೆ ಇಂಗ್ಲಿಷಿನಲ್ಲಿ ಹುಟ್ಟುತ್ತಿದೆ. ಯಾವ ಭಾಷೆಯಲ್ಲಿ ಆ ಹಸಿವು ಹುಟ್ಟುತ್ತದೆಯೋ ಆ ಭಾಷೆಯಲ್ಲೇ ಮನುಷ್ಯ ಬಾಳೆಲ್ಲ ಓದುತ್ತಾನೆ. ಖತ್ರಿಯವರ ಕಥೆ ಹೇಳಿದ್ದು ಅದಕ್ಕೇ. ಭಾಷೆಯ ಮೇಲಿನ ಅಭಿಮಾನ ಬೋಧಿಸಿ ಆ ಜನರಿಗೆ ಹಿಂದಿ ಕಲಿಸಿದವರು ಯಾರೂ ಇಲ್ಲ. ಐಯಾರನ ಮುಂದಿನ ವೇಷ ಏನೆಂದು ತಿಳಿಯಬೇಕಾಗಿತ್ತು, ಅಷ್ಟೆ. ನಾವಾದರೋ ಮಕ್ಕಳಿಗೆ ನವೆಂಬರಿನಲ್ಲಿ ಭಾಷಾಭಿಮಾನದ ಭಾಷಣ ಕೇಳಿಸುತ್ತೇವೆ. ಮುಂದೇನಾಯಿತೆಂದು ಕೇಳುವಂಥ ಕಥೆಯನ್ನು ಕನ್ನಡದಲ್ಲಿ ಕೈಗಿಡುವುದಿಲ್ಲ.

ಹಾಗೆಂದು ಅವರ ಕೈಯ ಪುಸ್ತಕ ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ ಓದು ಹೋಗುತ್ತದೆ, ಕನ್ನಡ ಬರುವುದಿಲ್ಲ. ಬೇರೆ ಉಪಾಯಗಳಿವೆ. ಓದುತ್ತಿರುವ ಕಥೆಯನ್ನು ಊಟದ ಹೊತ್ತಿನಲ್ಲಿ ಕನ್ನಡದಲ್ಲಿ ಹೇಳಿಸಿರಿ. ಪಿಶಾಚಿಯಾದರೂ ಆಗಲಿ, ಸನ್ಯಾಸಿಯಾದರೂ ಆಗಲಿ. ಮಾತು ತಡವರಿಸಿದರೆ ಒಂದು ಶಬ್ದ ನೀವು ಕೊಡಿ. ಲಿಪಿ ಬಾರದ ಮಕ್ಕಳಿಗೆ ರಾತ್ರಿ ಒಂದೊಂದು ಅಧ್ಯಾಯ ಗಟ್ಟಿಯಾಗಿ ಓದಿ ಹೇಳಿ. ಆದರೆ ಒಳ್ಳೆಯ ಜಾಗದಲ್ಲಿ ನಿಲ್ಲಿಸಿ! ದಳವಾಯಿ ಕತ್ತಿ ಎತ್ತಿದಲ್ಲಿಗೆ ಪುಸ್ತಕ ಮುಚ್ಚಿ, "ನಾಳೆ" ಎನ್ನಿ. ನಾಲ್ಕು ದಿನ ಹೀಗಾದರೆ ಐದನೆಯ ದಿನ ಮಗು ತಾನೇ ಅಕ್ಷರ ಕೂಡಿಸಲು ನೋಡುತ್ತದೆ.

ಸಂಘಗಳ ಪುಸ್ತಕಭಂಡಾರ ನೋಡಿಕೊಳ್ಳುವ ಬಂಧುಗಳಲ್ಲಿ ಒಂದು ಪ್ರಾರ್ಥನೆ. ಮಾಲೆಯ ಒಂದನೆಯ ಮತ್ತು ಮೂರನೆಯ ಭಾಗವಿದ್ದು ಎರಡನೆಯದು ಇಲ್ಲದ ಕಪಾಟಿನಂಥ ದುಃಖ ಇನ್ನೊಂದಿಲ್ಲ. ಕೊಂಡುಹೋದವರು ಊರು ಬಿಟ್ಟಿರುತ್ತಾರೆ, ಪುಸ್ತಕ ಅವರ ಸಾಮಾನಿನ ಜೊತೆ ಹೋಗಿರುತ್ತದೆ. ಹೊಸ ಪುಸ್ತಕ ಕೊಳ್ಳುವ ಮೊದಲು ಹಳೆಯ ಮಾಲೆಗಳ ತುಂಡಾದ ಕೊಂಡಿಗಳನ್ನು ತುಂಬಿಸಿರಿ. ನಿಮ್ಮ ಅಟ್ಟದ ಮೇಲೆ, ಊರ ಮನೆಯ ಪೆಟ್ಟಿಗೆಯಲ್ಲಿ ಅಂಥ ಬಿಡಿ ಭಾಗಗಳಿದ್ದರೆ ಸಂಘಕ್ಕೆ ಕೊಡಿರಿ. ಎಲ್ಲೋ ಒಂದು ಮನೆಯಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಅದಕ್ಕಾಗಿ ಕಾದಿರಬಹುದು.

ನಿಮ್ಮ ಮನೆಯಲ್ಲಿ ಈಗ ಯಾವ ಮಾಲೆ ನಡೆದಿದೆ, ಯಾರು ಯಾರಿಗೆ ಓದಿ ಹೇಳುತ್ತಿದ್ದಾರೆ, ಎಷ್ಟನೆಯ ಭಾಗಕ್ಕೆ ಬಂದಿರಿ ಎಂದು ನಾಲ್ಕು ಸಾಲು ಬರೆದು ಕಳಿಸಿರಿ. ಅಜ್ಜಿಯರು ಹೇಳಿದ ನಾಗನ ಕಥೆ, ಮೋಹಿನಿಯ ಕಥೆಗಳಿದ್ದರೆ ಅವನ್ನೂ ಕಳಿಸಿರಿ. ಉಳಿದದ್ದು ಮುಂದಿನ ಸಂಚಿಕೆಯಲ್ಲಿ.